ಮೊದಲ ದಿನವೇ ಬಿಸಿಲಿಗೆ ಸೋತು ವಾಪಸ್ ಬಂದೆವು. ತಪ್ಪಿದ್ದೆಲ್ಲಿ?

ಏರುದಾರಿ:
ಎಲ್ಲರಿಗೂ ನಮಸ್ಕಾರ. ಬಂದು ನಾಲ್ಕು ದಿನ ಆಯಿತು, ಮನಸ್ಸು ಇನ್ನೂ ಸರಿಹೋಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಮೂವರು ಗೆಳೆಯರು. ಐದು ದಿನದ ಬೆಟ್ಟದ ದಾರಿ. ಟೆಂಟು, ಒಲೆ, ಊಟದ ಸಾಮಾನು ಎಲ್ಲ ಬೆನ್ನ ಮೇಲೆ. ಆರು ತಿಂಗಳಿಂದ ಇದೇ ಮಾತು ನಮ್ಮದು. ಮೂವರಿಗೂ ಒಟ್ಟಿಗೆ ರಜೆ ಸಿಕ್ಕಿದ್ದು ಬೇಸಿಗೆಯಲ್ಲಿ ಮಾತ್ರ. ಮೊದಲ ದಿನಕ್ಕೆ 16 ಕಿ.ಮೀ. ಅಂದುಕೊಂಡಿದ್ದೆವು, ಏರು 1,100 ಮೀಟರ್. ಒಬ್ಬೊಬ್ಬರ ಬ್ಯಾಗೂ 17 ಕೆ.ಜಿ. ಹತ್ತಿರ. ನೀರು ತಲಾ ಎರಡು ಲೀಟರ್. ಏಳನೇ ಕಿ.ಮೀ. ಹತ್ತಿರ ಒಂದು ತೊರೆ ಇದೆ ಅಂತ ನಕ್ಷೆಯಲ್ಲಿತ್ತು, ಅದನ್ನೇ ನಂಬಿಕೊಂಡಿದ್ದೆವು.

ಹೊರಟಾಗ ಬೆಳಗ್ಗೆ ಒಂಬತ್ತೂವರೆ. ಮೊದಲ ಒಂದು ಗಂಟೆ ಮರಗಳ ನೆರಳಿತ್ತು. ಉತ್ಸಾಹದಲ್ಲಿ ಜೋರಾಗಿಯೇ ನಡೆದೆವು. ಆಮೇಲೆ ಬೋಳು ಗುಡ್ಡ. ಮೇಲೆ ಸೂರ್ಯ, ಕೆಳಗೆ ಕಾದ ಕಲ್ಲು. ಹನ್ನೊಂದೂವರೆ ಹೊತ್ತಿಗೆ ಪೈಪಿನಲ್ಲಿ ಎಳೆದ ಮೊದಲ ಗುಟುಕು ಬಾಯಿ ಸುಡುವಷ್ಟು ಬಿಸಿ ಇತ್ತು. ಬ್ಯಾಗಿನ ಪಟ್ಟಿಯ ಅಂಚಿಗೆ ಉಪ್ಪು ಬಿಳಿ ಗೆರೆ ಕಟ್ಟಿತ್ತು. ತೊರೆ ತಲುಪಿದಾಗ ಒಂದು ಗಂಟೆ ದಾಟಿತ್ತು. ತೊರೆ ಇತ್ತು, ನೀರಿರಲಿಲ್ಲ. ಬಿಳಿ ಕಲ್ಲು, ಒಣಗಿ ಸಿಪ್ಪೆಯಂತೆ ಎದ್ದ ಪಾಚಿ, ಅಷ್ಟೇ.

ಅಲ್ಲೇ ಒಬ್ಬ ಗೆಳೆಯ ವಾಂತಿ ಮಾಡಿಕೊಂಡ. ಬಂಡೆಯ ನೆರಳಲ್ಲಿ ಕೂರಿಸಿದೆವು. ಬೂಟಿನ ಲೇಸು ಬಿಚ್ಚಿಹೋಗಿತ್ತು, ಕಟ್ಟಿಕೊಳ್ಳಲು ಹೋಗಿ ಮೂರು ಸಲ ಕೈ ತಪ್ಪಿದ. ಕೊನೆಗೆ ನಾನೇ ಕಟ್ಟಿದೆ. ಉಳಿದಿದ್ದ ನೀರನ್ನೆಲ್ಲ ಅವನಿಗೆ ಕುಡಿಸಿದೆವು. ಸಂಜೆವರೆಗೂ ಮಲಗಿದ್ದ. ಐದು ಗಂಟೆಗೆ ಸ್ವಲ್ಪ ಪರವಾಗಿಲ್ಲ ಅಂದ. ಮತ್ತೆರಡು ಕಿ.ಮೀ. ನಡೆದ ಮೇಲೆ ಒಂದು ಒರತೆ ಸಿಕ್ಕಿತು. ಅಲ್ಲೇ ಟೆಂಟು ಹಾಕಿ, ಬೆಳಗಾದ ಮೇಲೆ ಇಳಿದು ಬಂದೆವು. ಮೂರನೇ ಗೆಳೆಯನಿಗೆ ನನ್ನ ಮೇಲೆ ಕೋಪ. "ರಾತ್ರಿ ನಿದ್ದೆ ಆಗಿತ್ತು, ಮುಂದೆ ಹೋಗಬಹುದಿತ್ತು, ನೀನೇ ಹೆದರಿದೆ" ಅನ್ನುತ್ತಾನೆ.

ನನ್ನ ಪ್ರಶ್ನೆ ಇಷ್ಟೇ. ಭಾರ ಜಾಸ್ತಿಯಾಯಿತಾ? ದೂರ ಜಾಸ್ತಿಯಾಯಿತಾ? ಹಗುರ ಟೆಂಟು, ಬೇರೆ ಬೂಟು ತೆಗೆದುಕೊಂಡರೆ ಆಗುತ್ತಿತ್ತಾ?

ಗಾಳಿಪಟ77:
17 ಕೆ.ಜಿ. ಜಾಸ್ತಿಯೇ ಆಯಿತು. ನಿಮ್ಮ ತೂಕದ ಐದರಲ್ಲಿ ಒಂದು ಪಾಲು ದಾಟಬಾರದು ಅಂತ ಹೇಳುತ್ತಾರೆ. ಮೂವರಿಗೆ ಎಷ್ಟು ಟೆಂಟು ಒಯ್ದಿರಿ?

ಏರುದಾರಿ:
ಎರಡು. ಒಲೆಯೂ ಎರಡು.

ಗಾಳಿಪಟ77:
ಅಲ್ಲೇ ಎರಡು ಮೂರು ಕೆ.ಜಿ. ಉಳಿಯುತ್ತಿತ್ತು ನೋಡಿ. ಆ ಜಾಗದಲ್ಲಿ ನೀರು ಬರಬೇಕಿತ್ತು.

ಬೆಳಗಿನಜಾವ:
ಭಾರ, ಟೆಂಟು ಆಮೇಲೆ ನೋಡೋಣ. ಒಂಬತ್ತೂವರೆಗೆ ಹೊರಟಿದ್ದೇ ದೊಡ್ಡ ತಪ್ಪು. ಬೇಸಿಗೆಯಲ್ಲಿ ಆ ಹೊತ್ತಿಗೆ ಅರ್ಧ ದಾರಿ ಮುಗಿದಿರಬೇಕು. ನಾನು ನಾಲ್ಕೂವರೆಗೆ ಎದ್ದು ಐದಕ್ಕೆ ತಲೆದೀಪ ಹಾಕಿಕೊಂಡು ಹೊರಡುತ್ತೇನೆ. ಹತ್ತು ಗಂಟೆಗೆ ಎಲ್ಲಿ ನೆರಳು ಸಿಗುತ್ತದೋ ಅಲ್ಲಿ ನಿಲ್ಲುತ್ತೇನೆ. ಮತ್ತೆ ಕಾಲು ಎತ್ತುವುದು ನಾಲ್ಕರ ಮೇಲೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಪಾರ್ಕಿನವರು ಬೇಸಿಗೆಗೆ ಇದನ್ನೇ ಹೇಳುತ್ತಾರೆ, ಹತ್ತರಿಂದ ನಾಲ್ಕರವರೆಗೆ ನಡೆಯಬೇಡಿ ಅಂತ. ಅಲ್ಲಿ ಕಣಿವೆಯ ತಳದಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ.

ಇನ್ನೊಂದು ವಿಷಯ. ಹನ್ನೆರಡು ಗಂಟೆಯೇ ಅತಿ ಬಿಸಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಗಾಳಿಯ ಬಿಸಿ ಏರುತ್ತಲೇ ಹೋಗಿ ಎರಡರಿಂದ ನಾಲ್ಕರ ನಡುವೆ ತುದಿ ಮುಟ್ಟುತ್ತದೆ. ಬಂಡೆಗಳು ಇನ್ನೂ ಹೊತ್ತು ಶಾಖ ಉಗುಳುತ್ತವೆ. ನೀವು ಸರಿಯಾಗಿ ಅದೇ ಹೊತ್ತಿಗೆ ಬೋಳು ಗುಡ್ಡದಲ್ಲಿ ಸಿಕ್ಕಿಕೊಂಡಿರಿ.

ಹಳೇಬೂಟು:
ನಾನು ಮೂವತ್ತು ವರ್ಷದಿಂದ ಬೆಟ್ಟ ಹತ್ತುತ್ತಿದ್ದೇನೆ. ಮೊದಲ ದಿನ ಎಲ್ಲರಿಗೂ ಕಷ್ಟವೇ. ಮೈ ನೋಯುತ್ತದೆ, ವಾಂತಿಯೂ ಬರುತ್ತದೆ. ಎರಡನೇ ದಿನಕ್ಕೆ ದೇಹ ಹೊಂದಿಕೊಳ್ಳುತ್ತದೆ. ಒರತೆ ಸಿಕ್ಕಿತ್ತು, ನಿದ್ದೆ ಆಗಿತ್ತು. ಅಲ್ಲಿಂದ ಹಿಂದೆ ಬಂದಿದ್ದು ನನಗೂ ಸರಿ ಕಾಣಲಿಲ್ಲ. ನಿಮ್ಮ ಮೂರನೇ ಗೆಳೆಯ ಹೇಳಿದ್ದರಲ್ಲಿ ಅರ್ಥ ಇದೆ.

ತೊರೆದಂಡೆ:
ಹಳೇಬೂಟು ಸರ್, ಬಿಸಿಲಿಗೆ ದೇಹ ಒಂದು ರಾತ್ರಿಯಲ್ಲಿ ಹೊಂದಿಕೊಳ್ಳುವುದಿಲ್ಲ. ಅದಕ್ಕೆ ಒಂದರಿಂದ ಎರಡು ವಾರ ಬೇಕು. ದಿನಾ ಸ್ವಲ್ಪ ಸ್ವಲ್ಪ ಬಿಸಿಲಲ್ಲಿ ಮೈ ದುಡಿಸಿದರೆ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪೂ ಕಡಿಮೆಯಾಗುತ್ತದೆ. ಎ.ಸಿ. ರೂಮಿನಲ್ಲಿ ಕೂತು ದುಡಿಯುವವರು ಸೀದಾ ಹೋಗಿ ಬೋಳು ಗುಡ್ಡ ಹತ್ತಿದರೆ ಮೊದಲ ದಿನವೇ ಹೆಚ್ಚು ಅಪಾಯ.

ಬಿಳಿಕೋಟು:
ಎಲ್ಲರೂ ಸ್ವಲ್ಪ ನಿಲ್ಲಿ. ಟೆಂಟಿನ ತೂಕದ ಚರ್ಚೆ ಆಮೇಲೆ ಮಾಡೋಣ.

ಏರುದಾರಿ ಅವರೇ, ನಾನು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಆ ಲೇಸಿನ ವಿಷಯ ಓದಿ ನನಗೆ ಎದೆ ಧಸಕ್ ಅಂದಿತು. ದಿನಾ ಕಟ್ಟುವ ಗಂಟು ಕೈಗೆ ಬರುತ್ತಿಲ್ಲ ಅಂದರೆ ಅದು ಬರೀ ಸುಸ್ತು ಅಂತ ಬಿಡುವ ಹಾಗಿಲ್ಲ. ಬಿಸಿ ಮಿದುಳಿನ ಮೇಲೆ ಪರಿಣಾಮ ಮಾಡಲು ಶುರುಮಾಡಿರಬಹುದು. ಒಳಮೈ ಬಿಸಿ 40 ಡಿಗ್ರಿ ದಾಟಿ, ಜೊತೆಗೆ ಮಾತು, ನಡಿಗೆ, ನೆನಪು ತಡವರಿಸಿದರೆ ಅದನ್ನು ಹೀಟ್ ಸ್ಟ್ರೋಕ್ ಅಂತಲೇ ಹಿಡಿಯುತ್ತೇವೆ. ಜೀವಕ್ಕೆ ಅಪಾಯ. ಬೆಟ್ಟದಲ್ಲಿ ಒಳಮೈ ಬಿಸಿ ಅಳೆಯುವುದಕ್ಕೆ ಆಗುವುದಿಲ್ಲ, ಹಾಗಾಗಿ ನಡವಳಿಕೆ ನೋಡಿಯೇ ತೀರ್ಮಾನ ಮಾಡಬೇಕು. ತಲೆನೋವು, ವಾಕರಿಕೆ, ಸುಸ್ತು ಇದ್ದು ಬುದ್ಧಿ ನೆಟ್ಟಗಿದ್ದರೆ ನೆರಳು, ನೀರು, ವಿಶ್ರಾಂತಿ ಕೊಟ್ಟು ಕಾಯಬಹುದು. ಬುದ್ಧಿ ತಪ್ಪಿದರೆ ಆ ಕ್ಷಣವೇ ಮೈ ತಂಪು ಮಾಡಬೇಕು, ಸಹಾಯಕ್ಕೆ ಕರೆಯಬೇಕು.

ಮುಂದೆ ಹೋಗದೆ ಇಳಿದು ಬಂದಿದ್ದು ನೂರಕ್ಕೆ ನೂರು ಸರಿ. ಒಮ್ಮೆ ಹೀಗಾದವರಿಗೆ ಮರುದಿನ ಮತ್ತೆ ಆಗುವುದು ಸುಲಭ. ಅವತ್ತು ಸಂಜೆ ಎರಡು ಕಿ.ಮೀ. ನಡೆಸಿದ್ದೂ ನನ್ನ ಪ್ರಕಾರ ಬೇಡವಾಗಿತ್ತು. ಆದರೆ ನೀರಿಗಾಗಿ ಹೋದಿರಿ, ಅದು ಅರ್ಥವಾಗುತ್ತದೆ. ಅವರನ್ನು ಡಾಕ್ಟರಿಗೆ ತೋರಿಸಿದಿರಾ? ಮೂತ್ರ ಕಡು ಕಂದು ಬಣ್ಣಕ್ಕೆ ಬಂದಿತ್ತಾ? ದಯವಿಟ್ಟು ಇವತ್ತೇ ಕೇಳಿ. ಕಿಡ್ನಿ ಒಮ್ಮೆ ಪರೀಕ್ಷೆ ಆಗಬೇಕು.

ಏರುದಾರಿ:
ಇದನ್ನು ಓದಿ ಕೈ ನಡುಗುತ್ತಿದೆ. ಡಾಕ್ಟರಿಗೆ ತೋರಿಸಿಲ್ಲ. ಅವನು ಬೆವರುತ್ತಿದ್ದ, ಅದಕ್ಕೇ ಏನೂ ಆಗಿಲ್ಲ ಅಂದುಕೊಂಡೆ. ಹೀಟ್ ಸ್ಟ್ರೋಕ್ ಆದರೆ ಬೆವರು ನಿಲ್ಲುತ್ತದೆ ಅಂತ ಎಲ್ಲೋ ಓದಿದ್ದೆ. ಈಗಲೇ ಫೋನ್ ಮಾಡುತ್ತೇನೆ.

ಬಿಳಿಕೋಟು:
ಆ ಮಾತನ್ನು ನಂಬಿ ಮೋಸ ಹೋದವರು ತುಂಬಾ ಜನ. ನಡೆದು, ಓಡಿ, ದುಡಿದು ಬರುವ ಹೀಟ್ ಸ್ಟ್ರೋಕ್‌ನಲ್ಲಿ ಮೈ ಬೆವರಿನಿಂದ ತೊಯ್ದೇ ಇರಬಹುದು. ಮೈ ಒಣಗಲಿ ಅಂತ ಕಾಯಬೇಡಿ.

ಮೋಡಗಣ್ಣು:
ಒಂದು ಅನುಮಾನ ಮೇಡಂ. ಇವರ ಹತ್ತಿರ ಉಳಿದಿದ್ದು ಸ್ವಲ್ಪವೇ ನೀರು. ಅದನ್ನು ಕುಡಿಸಬೇಕಾ, ಮೈಮೇಲೆ ಹಾಕಬೇಕಾ? ಇದು ನಿಜವಾಗಿ ಎದುರಾದರೆ ನನಗೆ ಏನು ಮಾಡಬೇಕು ಅಂತ ತೋಚುವುದಿಲ್ಲ.

ಬಿಳಿಕೋಟು:
ಒಳ್ಳೆಯ ಪ್ರಶ್ನೆ. ಎಚ್ಚರ ಮಂದವಾಗಿದ್ದರೆ ಬಾಯಿಗೆ ಹಾಕಲೇಬೇಡಿ, ಶ್ವಾಸಕ್ಕೆ ಹೋಗುತ್ತದೆ. ಮೈಮೇಲಿನ ಬಟ್ಟೆ ಸಡಿಲಿಸಿ, ಕತ್ತು, ಎದೆ, ಕಂಕುಳು, ತೊಡೆಸಂದು ಒದ್ದೆ ಮಾಡಿ, ಬಿಡದೆ ಗಾಳಿ ಬೀಸಿ. ಮಲಗುವ ಫೋಮ್ ಚಾಪೆ ಇರುತ್ತದಲ್ಲ, ಅದರಷ್ಟು ಒಳ್ಳೆಯ ಬೀಸಣಿಗೆ ಇಲ್ಲ. ಕೊಚ್ಚೆ ನೀರಾದರೂ ಸರಿ, ಕುಡಿಯುವುದಕ್ಕಲ್ಲವಲ್ಲ. ಹತ್ತಿರ ಹೊಳೆ ಇದ್ದರೆ ತಲೆ ಮೇಲೆ ಹಿಡಿದುಕೊಂಡು ಕುತ್ತಿಗೆವರೆಗೆ ನೀರಿನಲ್ಲಿ ಇಳಿಸುವುದು ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ. ಮೊದಲು ತಂಪು, ಆಮೇಲೆ ಸಾಗಿಸುವುದು.

ಜ್ವರದ ಮಾತ್ರೆ ಕೊಡಬೇಡಿ. ಇದು ಜ್ವರವಲ್ಲ, ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ. ಐಬುಪ್ರೊಫೆನ್ ಅಂತೂ ನೀರು ಕಡಿಮೆಯಾದ ದೇಹದಲ್ಲಿ ಕಿಡ್ನಿಗೆ ಹೊಡೆತ.

ಕಲ್ಲುಚಪ್ಪಡಿ:
ನೀರಿನ ಲೆಕ್ಕ ಹೇಳುತ್ತೇನೆ. ಬಿಸಿಲಲ್ಲಿ ಭಾರ ಹೊತ್ತು ಹತ್ತುವಾಗ ಗಂಟೆಗೆ ಒಂದು ಲೀಟರ್ ಬೆವರು ಹೋಗುವುದು ದೊಡ್ಡ ವಿಷಯವೇ ಅಲ್ಲ. ಒಂಬತ್ತೂವರೆಯಿಂದ ಒಂದರವರೆಗೆ ಮೂರೂವರೆ ಗಂಟೆ. ನೀವು ಹೊತ್ತಿದ್ದು ಎರಡು ಲೀಟರ್. ತೊರೆಯಲ್ಲಿ ನೀರಿದ್ದಿದ್ದರೂ ಅಲ್ಲಿಗೆ ತಲುಪುವಾಗಲೇ ಸಾಲ ಬಿದ್ದಿತ್ತು. ಬೇಸಿಗೆಯಲ್ಲಿ ನಕ್ಷೆಯ ನೀಲಿ ಗೆರೆ ನಂಬಬಾರದು. ಆ ವಾರ ಅದೇ ದಾರಿಯಲ್ಲಿ ಹೋಗಿ ಬಂದವರ ಮಾತು ಮಾತ್ರ ನಂಬಬೇಕು. ನಾನಾದರೆ ನಾಲ್ಕು ಲೀಟರ್ ಹೊರುತ್ತಿದ್ದೆ, ಎಷ್ಟಾಗುತ್ತದೋ ಅಷ್ಟೂ ಕುಡಿಯುತ್ತಿದ್ದೆ.

ತೊರೆದಂಡೆ:
ನಾಲ್ಕು ಲೀಟರ್ ಹೊರುವುದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ "ಎಷ್ಟಾಗುತ್ತದೋ ಅಷ್ಟೂ ಕುಡಿ" ಅನ್ನುವುದು ತಪ್ಪು, ಇದನ್ನು ಸುಮ್ಮನೆ ಬಿಡಲಾರೆ. ನನ್ನ ತಂಗಿಗೆ ಹೀಗೇ ಆಗಿತ್ತು. ಇಡೀ ದಿನ ಬರೀ ನೀರು ಕುಡಿದಳು, ಊಟ ಸೇರಲಿಲ್ಲ. ಸಂಜೆಗೆ ತಲೆನೋವು, ವಾಂತಿ. ಬೆರಳು ಊದಿ ಉಂಗುರ ಬಿಗಿಯಾಗಿತ್ತು. ನೀರು ಕಡಿಮೆ ಆಯಿತು ಅಂತ ನಾವು ಇನ್ನಷ್ಟು ಕುಡಿಸಲು ಹೋದೆವು. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದಲ್ಲಿ ಸೋಡಿಯಂ ಇಳಿದಿತ್ತು. ನೀರು ಜಾಸ್ತಿಯಾದರೂ, ಕಡಿಮೆಯಾದರೂ ಮೊದಲ ಲಕ್ಷಣ ಒಂದೇ ಥರ ಕಾಣುತ್ತದೆ. ಅದೇ ಭಯ.

ಬಾಯಾರಿದಾಗ ಕುಡಿಯಬೇಕು, ಗುಟುಕು ಗುಟುಕಾಗಿ. ಗಂಟೆಗೆ ಒಂದೂವರೆ ಲೀಟರ್ ಅಂತೂ ದಾಟಬಾರದು. ಜೊತೆಗೆ ಉಪ್ಪಿನ ಅಂಶ ಇರುವುದೇನಾದರೂ ತಿನ್ನುತ್ತಿರಬೇಕು.

ಕಲ್ಲುಚಪ್ಪಡಿ:
ಇದು ನನಗೆ ಗೊತ್ತಿರಲಿಲ್ಲ. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ತಂಗಿ ಈಗ ಚೆನ್ನಾಗಿದ್ದಾರಾ?

ತೊರೆದಂಡೆ:
ಚೆನ್ನಾಗಿದ್ದಾಳೆ. ಹೋದ ತಿಂಗಳು ಮತ್ತೆ ಬೆಟ್ಟ ಹತ್ತಿ ಬಂದಳು.

ಮಿಂಚುಹುಳ:
ಓ.ಆರ್.ಎಸ್. ಪುಡಿ ಇಟ್ಟುಕೊಂಡರೆ ಮುಗಿಯಿತಲ್ಲ?

ಬಿಳಿಕೋಟು:
ಇಟ್ಟುಕೊಳ್ಳಿ, ಆದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯ ದೊಡ್ಡ ಪೊಟ್ಟಣ ಒಂದು ಲೀಟರಿಗೆ. ಅದರಲ್ಲಿ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಬೇಗ ಆಗಲಿ ಅಂತ ಅರ್ಧ ಲೀಟರಿಗೆ ಕಲಸಿ ಗಟ್ಟಿ ಮಾಡಿ ಕುಡಿಯುವವರನ್ನು ನೋಡಿದ್ದೇನೆ. ಅದರಿಂದ ವಾಕರಿಕೆ ಇನ್ನೂ ಹೆಚ್ಚುತ್ತದೆ. ಪುಡಿ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟವಾಗಿರಲಿ, ತುಂಬಿ ತುಳುಕುವುದು ಬೇಡ.

ನಿಧಾನಗತಿ:
ತಡವಾಗಿ ಬಂದೆ, ಎಲ್ಲ ಓದಿದೆ. ಯಾರೂ ಹೇಳದ ಒಂದು ವಿಷಯ ಇದೆ, ಅದು ವೇಗ.

"ಮೊದಲ ಒಂದು ಗಂಟೆ ಜೋರಾಗಿಯೇ ನಡೆದೆವು" ಅಂದಿರಿ. ಹತ್ತುವಾಗ ಕಾಲು ಖರ್ಚು ಮಾಡುವ ಶಕ್ತಿಯಲ್ಲಿ ನಾಲ್ಕರಲ್ಲಿ ಒಂದು ಪಾಲು ಮಾತ್ರ ನಿಮ್ಮನ್ನು ಮೇಲೆತ್ತುತ್ತದೆ, ಅದೂ ಹೆಚ್ಚೆಂದರೆ. ಉಳಿದ ಮೂರು ಪಾಲು ಮೈಯೊಳಗೆ ಶಾಖ ಆಗುತ್ತದೆ. ಬಿಸಿ ಹೊರಗಿಂದ ಮಾತ್ರ ಬರುತ್ತಿಲ್ಲ, ಒಳಗೂ ಒಲೆ ಉರಿಯುತ್ತಿದೆ. ಹೊರಗಿನ ಸೂರ್ಯನನ್ನು ಆರಿಸುವುದಕ್ಕೆ ಆಗುವುದಿಲ್ಲ. ಒಳಗಿನ ಒಲೆ ಸಣ್ಣಗೆ ಮಾಡುವುದು ನಮ್ಮ ಕೈಯಲ್ಲಿದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಮೈಯಿಂದ ಹೋಗುತ್ತದೆ. ಆದರೆ ಆವಿಯಾಗಬೇಕು. ಸೆಕೆ ಇದ್ದು, ಗಾಳಿ ಇಲ್ಲದೆ, ಬೆವರು ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ನೀರು ಹೋಯಿತು, ತಂಪು ಬರಲಿಲ್ಲ.

ನನ್ನ ಅಳತೆ ಸರಳ. ಏರಿನಲ್ಲಿ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಅರ್ಧದಲ್ಲಿ ಉಸಿರು ಎಳೆದುಕೊಂಡರೆ ಹೆಜ್ಜೆ ಸಣ್ಣದು ಮಾಡುತ್ತೇನೆ. ಗುಂಪಿನಲ್ಲಿ ಅತಿ ನಿಧಾನ ನಡೆಯುವವರು ಮುಂದೆ ಇರಬೇಕು, ಅವರ ಹಿಂದೆ ಎಲ್ಲರೂ. ನಿಮ್ಮಲ್ಲಿ ಮುಂದೆ ಯಾರಿದ್ದರು?

ಏರುದಾರಿ:
ಮೂರನೇ ಗೆಳೆಯ. ಅವನು ದಿನಾ ಓಡುವವನು, ಗಟ್ಟಿ ಆಳು. ವಾಂತಿ ಮಾಡಿಕೊಂಡವನು ಕೊನೆಯಲ್ಲಿದ್ದ. ನಾವು ನಿಂತು ಕಾಯುತ್ತಿದ್ದೆವು, ಅವನು ಬಂದು ಸೇರಿದ ಕೂಡಲೇ ಹೊರಡುತ್ತಿದ್ದೆವು. ಈಗ ಯೋಚಿಸಿದರೆ ಅವನಿಗೆ ವಿಶ್ರಾಂತಿಯೇ ಸಿಗುತ್ತಿರಲಿಲ್ಲ. ಕಾಯುವಾಗ ನಮಗೆ ಸಿಕ್ಕಿತು, ಅವನಿಗೆ ಸಿಗಲಿಲ್ಲ.

ನಿಧಾನಗತಿ:
ಇದು ಬಹಳ ಗುಂಪುಗಳಲ್ಲಿ ಆಗುತ್ತದೆ. ನೀವು ಅದನ್ನು ಗುರುತಿಸಿದಿರಿ, ಇನ್ನು ಮರೆಯುವುದಿಲ್ಲ ಬಿಡಿ.

ಮೋಡಗಣ್ಣು:
16 ಕಿ.ಮೀ. ಅಂತ ಹೇಗೆ ಗೊತ್ತುಮಾಡಿದಿರಿ?

ಏರುದಾರಿ:
ಆ್ಯಪ್‌ನಲ್ಲಿ ಐದು ಗಂಟೆ ತೋರಿಸಿತು. ಒಂಬತ್ತೂವರೆಗೆ ಹೊರಟರೂ ಮೂರಕ್ಕೆ ತಲುಪುತ್ತೇವೆ ಅಂದುಕೊಂಡೆವು.

ಮೋಡಗಣ್ಣು:
ಅದು ನೇಯ್‌ಸ್ಮಿತ್ ಲೆಕ್ಕದ ಹಾಗೆ ಕಾಣುತ್ತದೆ. ವಿಲಿಯಂ ನೇಯ್‌ಸ್ಮಿತ್ ಅಂತ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ಸೂತ್ರ. ಐದು ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ 16 ಕಿ.ಮೀ.ಗೆ ಮೂರು ಗಂಟೆ ಹನ್ನೆರಡು ನಿಮಿಷ, 1,100 ಮೀಟರಿಗೆ ಒಂದು ಗಂಟೆ ಐವತ್ತು ನಿಮಿಷ. ಒಟ್ಟು ಐದು ಗಂಟೆ. ಆದರೆ ಅದು ಮೈ ಪಳಗಿದ ಆಳಿಗೆ, ಒಳ್ಳೆಯ ದಾರಿಗೆ ಹೇಳಿದ್ದು. ಕೂರುವ ಹೊತ್ತು, ಭಾರ, ಬಿಸಿಲು ಯಾವುದೂ ಅದರಲ್ಲಿ ಇಲ್ಲ. ತುಂಬಿದ ಬ್ಯಾಗಿನ ಮೊದಲ ದಿನಕ್ಕೆ ನಾನು ಅದರ ಒಂದೂವರೆ ಪಟ್ಟು ಹಿಡಿಯುತ್ತೇನೆ, ಬೇಸಿಗೆಯಾದರೆ ಎರಡು ಪಟ್ಟು. ಅಂದರೆ ನಿಮ್ಮದು ಹತ್ತು ಗಂಟೆಯ ದಾರಿ.

ಹಳೇಬೂಟು:
ಮೊದಲು ಬರೆದಾಗ ಲೇಸಿನ ವಿಷಯಕ್ಕೆ ನಾನು ಗಮನ ಕೊಟ್ಟಿರಲಿಲ್ಲ. ಹಿಂದೆ ಬಂದಿದ್ದು ಸರಿ. ಬಿಳಿಕೋಟು ಮೇಡಂ ಬರೆದಿದ್ದು ಓದಿದ ಮೇಲೆ, ಹಿಂದೆ ನಮ್ಮ ಗುಂಪಿನಲ್ಲಿ ಒಬ್ಬರು ಮಧ್ಯಾಹ್ನ ಸುಮ್ಮನೆ ಸಿಡಿಮಿಡಿ ಮಾಡುತ್ತಾ, ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಎರಡೆರಡು ಸಲ ಕೇಳುತ್ತಿದ್ದರು, ಅದು ನೆನಪಾಯಿತು. ಮುಂಗೋಪ ಅಂದುಕೊಂಡೆವು. ಅವರಿಗೆ ಏನೂ ಆಗಲಿಲ್ಲ, ನಮ್ಮ ಪುಣ್ಯ.

ಬೂಟಿನ ಬಗ್ಗೆ ಕೇಳಿದ್ದರಲ್ಲ, ಅದಕ್ಕೆ ಉತ್ತರ ಕೊಡಬಲ್ಲೆ. ಬೇಸಿಗೆಗೆ ದಪ್ಪ ಚರ್ಮದ, ನೀರು ಒಳಗೆ ಬಿಡದ ಬೂಟು ಬೇಡ. ಕಾಲು ಒಳಗೇ ಬೇಯುತ್ತದೆ. ಬೆವರಿ ಮೆತ್ತಗಾದ ಚರ್ಮ ಉಜ್ಜಿದರೆ ಗುಳ್ಳೆ ಏಳುತ್ತದೆ. ಪ್ರತಿ ಸಲ ಕೂತಾಗ ಬೂಟು, ಸಾಕ್ಸು ಎರಡೂ ಬಿಚ್ಚಿ ಕಾಲಿಗೆ ಗಾಳಿ ಕೊಡಿ. ಎಲ್ಲಾದರೂ ಉರಿ ಅನಿಸಿದ ಕೂಡಲೇ ಟೇಪು ಹಚ್ಚಿ, ಗುಳ್ಳೆ ಏಳುವವರೆಗೆ ಕಾಯಬೇಡಿ.

ಗಾಳಿಪಟ77:
ಬಟ್ಟೆ ಬಗ್ಗೆಯೂ ಹೇಳಿ ಸರ್. ಹತ್ತಿ ಬೇಡವೇ ಬೇಡ ಅಂತಾರಲ್ಲ?

ಹಳೇಬೂಟು:
ಅದು ಚಳಿಗೆ ಹೇಳಿದ ಮಾತು. ಒಣ ಬಿಸಿಲಲ್ಲಿ ಸಡಿಲ ಹತ್ತಿ ಅಂಗಿ ಒಳ್ಳೆಯದೇ, ಒದ್ದೆ ಹಿಡಿದುಕೊಂಡು ತಂಪು ಕೊಡುತ್ತದೆ. ಸಂಜೆ ಎತ್ತರದಲ್ಲಿ ಗಾಳಿ ಬೀಸಿದರೆ ಮಾತ್ರ ಬೇಗ ಬದಲಾಯಿಸಿ. ತೋಳು ಪೂರ್ತಿ ಮುಚ್ಚಿರಲಿ.

ಮಿಂಚುಹುಳ:
ನಾನು ಕೊಡೆ ಹಿಡಿದು ಹತ್ತುತ್ತೇನೆ. ಬೋಳು ಗುಡ್ಡದಲ್ಲಿ ನೆರಳು ಸಿಗುವುದಿಲ್ಲ ಅಂದರೆ ನೆರಳನ್ನೇ ಒಯ್ಯಬೇಕು, ಅಲ್ವಾ? ಬೆಳ್ಳಿ ಬಣ್ಣದ್ದು, 250 ಗ್ರಾಂ ಅಷ್ಟೇ. ಮೇಲೆ ಹೋದಂತೆ ಗಾಳಿ ತಣ್ಣಗಾದರೂ ಸುಡುವ ಕಿರಣ ಜಾಸ್ತಿ. ಪ್ರತಿ 1,000 ಮೀಟರಿಗೆ ಅತಿನೇರಳೆ ಕಿರಣ ಸುಮಾರು ಶೇ. 10 ಹೆಚ್ಚುತ್ತದೆ.

ಕಲ್ಲುಚಪ್ಪಡಿ:
ಮಧ್ಯಾಹ್ನ ಮೋಡ ಕಟ್ಟಿ ಗುಡುಗು ಶುರುವಾದರೆ ಗುಡ್ಡದ ನೆತ್ತಿಯಲ್ಲಿ ಕೊಡೆ ಬಿಚ್ಚಬೇಡಿ ಮಾರಾಯರೇ. ಮೊದಲು ಅಲ್ಲಿಂದ ಇಳಿಯಿರಿ.

ಮಿಂಚುಹುಳ:
ಖಂಡಿತ. ಗುಡುಗು ಕೇಳಿದರೆ ನಾನು ಮೊದಲು ಇಳಿಯುವವಳು.

ಏರುದಾರಿ:
ಸುದ್ದಿ ಹೇಳಬೇಕಿತ್ತು. ಗೆಳೆಯ ಡಾಕ್ಟರಿಗೆ ತೋರಿಸಿದ. ರಕ್ತ, ಮೂತ್ರ ಎರಡೂ ಪರೀಕ್ಷೆ ಆಯಿತು. ಕಿಡ್ನಿ ಸರಿಯಿದೆ. ಎರಡು ವಾರ ಬಿಸಿಲಲ್ಲಿ ಮೈ ದಣಿಸಬೇಡ ಅಂದಿದ್ದಾರೆ. ಮತ್ತೊಂದು ವಿಷಯ ಗೊತ್ತಾಯಿತು. ಅವನು ಆ ವಾರ ನೆಗಡಿಗೆ ಅಲರ್ಜಿ ಮಾತ್ರೆ ತಿನ್ನುತ್ತಿದ್ದನಂತೆ, ಅದೂ ಬೆವರು ಕಡಿಮೆ ಮಾಡುವ ಜಾತಿಯದಂತೆ. ನಮಗೆ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಮೂರನೇ ಗೆಳೆಯನಿಗೆ ಈ ಚರ್ಚೆ ಕಳಿಸಿದೆ. ರಾತ್ರಿ ಫೋನ್ ಮಾಡಿದ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಅವತ್ತು ಅವನು ಲೇಸು ಕಟ್ಟಲಾಗದೆ ಒದ್ದಾಡಿದ್ದು ನಾನೂ ನೋಡಿದ್ದೆ" ಅಂದ.

ಬಿಳಿಕೋಟು:
ಸಮಾಧಾನ ಆಯಿತು. ಮಾತ್ರೆಯ ವಿಷಯ ಬರೆದಿದ್ದು ಒಳ್ಳೆಯದಾಯಿತು. ಕೆಲವು ಅಲರ್ಜಿ ಮಾತ್ರೆ, ಬಿ.ಪಿ.ಗೆ ಕೊಡುವ ನೀರಿನ ಮಾತ್ರೆ, ಮನಸ್ಸಿನ ಕಾಯಿಲೆಯ ಕೆಲವು ಔಷಧ ಬಿಸಿಲು ತಡೆಯುವ ಶಕ್ತಿ ತಗ್ಗಿಸುತ್ತವೆ. ತಾವಾಗಿಯೇ ನಿಲ್ಲಿಸಬಾರದು, ಹೊರಡುವ ಮುಂಚೆ ಡಾಕ್ಟರನ್ನು ಕೇಳಬೇಕು.

ಬೆಳಗಿನಜಾವ:
ಮತ್ತೆ ಯಾವಾಗ ಹೊರಡುತ್ತೀರಿ?

ಏರುದಾರಿ:
ಬಿಸಿಲು ಇಳಿದ ಮೇಲೆ, ಅದೇ ದಾರಿ. ಮೊದಲ ದಿನ ಒರತೆವರೆಗೆ ಮಾತ್ರ, ಒಂಬತ್ತು ಕಿ.ಮೀ. ಐದು ಗಂಟೆಗೆ ಹೊರಟು ಹತ್ತಕ್ಕೆ ಮುಂಚೆ ತಲುಪಬೇಕು. ಒಂದು ಟೆಂಟು, ಒಂದು ಒಲೆ, ತಲಾ ನಾಲ್ಕು ಲೀಟರ್. ಮುಂದೆ ನಡೆಯುವವನು ಅವನೇ, ಮಾತಾಗಿದೆ.

ನಿಧಾನಗತಿ:
ಆ ಒರತೆ ಹೇಗಿದೆ? ಬೇಸಿಗೆಯಲ್ಲೂ ಇತ್ತು ಅಂದರೆ ಒಳ್ಳೆಯ ಜಾಗವೇ ಇರಬೇಕು.

ಏರುದಾರಿ:
ಬಂಡೆಯ ಸೀಳಿನಿಂದ ಬರುತ್ತದೆ, ಪೆನ್ಸಿಲಿನಷ್ಟು ಸಣ್ಣ ಧಾರೆ. ಕೆಳಗೆ ಯಾರೋ ಒಂದು ಎಲೆ ಮಡಚಿ ಸಿಕ್ಕಿಸಿದ್ದರು, ಬಾಟಲಿ ಹಿಡಿಯುವುದಕ್ಕೆ ಅನುಕೂಲ ಆಗಲಿ ಅಂತ. ಒಂದು ಲೀಟರ್ ತುಂಬಲು ನಾಲ್ಕು ನಿಮಿಷ. ಕತ್ತಲಾಗುವವರೆಗೂ ನಾನು ಅಲ್ಲೇ ಕೂತು ಒಂದೊಂದೇ ಬಾಟಲಿ ತುಂಬಿದೆ. ಹಿಂದೆ ಟೆಂಟಿನಲ್ಲಿ ಅವನು ಮಲಗಿದ್ದ. ಆಗಾಗ ಹೆಸರು ಹಿಡಿದು ಕರೆಯುತ್ತಿದ್ದೆ. ಪ್ರತಿ ಸಲವೂ ಓಗೊಟ್ಟ.